ತಂಗಿಯ ಗೋಡೆಗೆ ನಾನು ಬಳಿದ ಸುಣ್ಣ

ನನ್ನ ತಂಗಿ ಚಿತ್ರ ಬರೆಯುವುದನ್ನು ಬಿಟ್ಟು ಎರಡು ವರ್ಷವಾಗುತ್ತ ಬಂತು. ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಮಾತು: "ತಪ್ಪು ನಂದೇ. ಮಣ್ಣು, ಅರಿಶಿನ ಅಂತ ಹೋಗ್ದೆ ಪೇಂಟ್ ಹಾಕ್ಸಿದ್ರೆ ಗೋಡೆ ಉಳೀತಿತ್ತು." ಅವಳ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಆ ಗೋಡೆಯ ಚಿತ್ರಗಳನ್ನು ಅಳಿಸಿದವನು ನಾನು, ಅವಳ ಒಡಹುಟ್ಟಿದ ಅಣ್ಣ. ಅದನ್ನು ಅವಳಿಗೆ ಹೇಳುವ ಧೈರ್ಯ ಬಂದದ್ದು ಹೋದ ವಾರ.

ನಾನು ಓದಿದ್ದು ಆರನೇ ಕ್ಲಾಸಿನವರೆಗೆ. ಅಪ್ಪ ಸುಣ್ಣ ಬಳಿಯುತ್ತಿದ್ದರು. ಅವರು ತೀರಿಕೊಂಡ ವರ್ಷ ಏಣಿಯೂ ಬ್ರಷ್ಷೂ ನನ್ನ ಪಾಲಿಗೆ ಬಂದವು. ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಶಾಲೆಗೆ ರಜೆ ಇದ್ದ ದಿನ ನನ್ನ ಜೊತೆ ಕೆಲಸದ ಮನೆಗಳಿಗೆ ಬರುತ್ತಿದ್ದಳು. ಬಣ್ಣ ಕಲಸುವುದು, ನೂಲಿಗೆ ನೀಲಿ ಮೆತ್ತಿ ಗೋಡೆಗೆ ಗೆರೆ ಹೊಡೆಯುವುದು, ಬ್ರಷ್ಷನ್ನು ಎಷ್ಟು ಒತ್ತಬೇಕು ಎನ್ನುವುದು, ಎಲ್ಲವನ್ನೂ ಕಲಿಸಿದವನು ನಾನೇ. ಹತ್ತನೇ ಕ್ಲಾಸು ಮುಗಿಸಿ ಅವಳು ಮನೆಯಲ್ಲೇ ಬ್ಲೌಸುಗಳಿಗೆ ಆರಿ ಕೆಲಸ ಹಿಡಿದಳು. ಚೌಕಟ್ಟಿಗೆ ಬಟ್ಟೆ ಬಿಗಿದು, ಕೊಕ್ಕೆಸೂಜಿಯಲ್ಲಿ ಹೂಬಳ್ಳಿ ಎತ್ತುವ ಕೆಲಸ ಅದು. ಸಂಜೆ ಹೊತ್ತು ಗಲ್ಲಿಯ ಮಕ್ಕಳನ್ನು ಕೂಡಿಸಿಕೊಂಡು ಹಳೇ ಪೇಪರಿನ ಮೇಲೆ ಚಿತ್ರ ಬರೆಸುತ್ತಿದ್ದಳು.

ನಮ್ಮದು ಉದಯಗಿರಿ. ಗಲ್ಲಿಯಲ್ಲಿ ಹನ್ನೊಂದು ಮನೆ. ಗಲ್ಲಿಯ ಪಕ್ಕಕ್ಕೇ ದೊಡ್ಡ ಮೋರಿ. ಅದಕ್ಕೆ ಮೇಲೆ ಕಲ್ಲುಹಾಸಿಲ್ಲ, ಪಕ್ಕಕ್ಕೆ ಕಂಬಿಯಿಲ್ಲ. ಎರಡು ಗಂಟೆ ಜೋರು ಮಳೆ ಬಂದರೆ ಸಾಕು, ಮೋರಿ ಯಾವುದು ದಾರಿ ಯಾವುದು ಎಂದು ತಿಳಿಯುವುದಿಲ್ಲ. ಆ ನೀರು ಹೊಸಿಲು ದಾಟಿ ಒಳಗೆ ಬರುತ್ತದೆ. ಅರ್ಜಿ ಕೊಟ್ಟು ಕೊಟ್ಟು ಜನಕ್ಕೆ ಸಾಕಾಗಿತ್ತು.

ಗಲ್ಲಿ ರಸ್ತೆಗೆ ಸೇರುವಲ್ಲಿ, ಮುಚ್ಚಿಹೋದ ಒಂದು ಗೋಡೌನಿನ ಉದ್ದನೆಯ ಕಾಂಪೌಂಡ್ ಗೋಡೆ ಇದೆ. ಅಲ್ಲಿ ಚಿತ್ರ ಬರೆಸೋಣ ಎಂದವಳು ತಂಗಿ. ಅವಳೇ ಬರೆಯುತ್ತಾಳೆ ಎಂದುಕೊಂಡು ಜನ ಸುಮ್ಮನೆ ನಿಂತಿದ್ದರು. ಅವಳು ಸೀಮೆಸುಣ್ಣದ ಕಡ್ಡಿಯಲ್ಲಿ ಗೋಡೆಯನ್ನು ಹನ್ನೊಂದು ಪಾಲು ಮಾಡಿ, "ನಾನು ಬರೆಯಲ್ಲ. ನಿಮ್ಮನೇಲಿ ಏನು ಮುಳುಗ್ತು ಅಂತ ನಿಮಗ್ಗೊತ್ತು, ನಂಗಲ್ಲ. ಒಂದು ಮನೆಗೆ ಒಂದು ಪಾಲು, ನೀವೇ ಬರೀರಿ," ಎಂದಳು.

ಎದುರು ಮನೆಯ ಮೆಕ್ಯಾನಿಕ್ ನಕ್ಕರು. ಮನೆಯ ಮುಂಭಾಗದಲ್ಲೇ ಅವರ ಗ್ಯಾರೇಜು. "ಜೀವಮಾನವೆಲ್ಲ ಸ್ಪಾನರ್ ಹಿಡ್ದಿವ್ನಿ ಕಣಮ್ಮ, ಬ್ರಷ್ಷು ಎಲ್ಲಿ ಹಿಡೀಲಿ?"

"ಸ್ಪಾನರ್ ಹಿಡ್ದಂಗೇ ಹಿಡೀರಿ. ಗೋಡೆಗೇನು ಗೊತ್ತಾಯ್ತದೆ?"

"ಗೋಡೆ ನೆಟ್ಟು ಬಿಚ್ಕಂಡ್ರೆ ನನ್ನ ಕೇಳ್ಬ್ಯಾಡ ಮತ್ತೆ."

ಹೀಗೆ ಶುರುವಾಯಿತು. ನಾಲ್ಕನೇ ಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಒಬ್ಬರೇ ಇರುವ ಮುದುಕಿ ಇದ್ದಾರೆ. ಗಲ್ಲಿಯ ಮಕ್ಕಳಿಗೆಲ್ಲ ಅವರು ದಾದಿ, ಎಂದರೆ ಅಜ್ಜಿ. ಅವರು ತಮ್ಮ ಮಿಷನ್ ಬರೆದರು. ಯಾರೋ ಶಾಲೆಯ ಬ್ಯಾಗು ಬರೆದರು, ಯಾರೋ ಅಕ್ಕಿ ಡಬ್ಬ, ಯಾರೋ ಮದುವೆಯ ಫೋಟೊ. ಪ್ರತಿ ಪಾಲಿನಲ್ಲೂ, ಆ ಮನೆಯೊಳಗೆ ನೀರು ಎಷ್ಟೆತ್ತರ ಬಂದಿತ್ತೋ ಅಷ್ಟೇ ಎತ್ತರಕ್ಕೆ ಒಂದು ಕಂದು ಗೆರೆ. ಹನ್ನೊಂದು ಗೆರೆ ಸೇರಿ ಗೋಡೆಯ ಈ ತುದಿಯಿಂದ ಆ ತುದಿಗೆ ಏರಿಳಿಯುತ್ತ ಹೋಗಿತ್ತು. ನಮ್ಮ ಮನೆಯ ಪಾಲನ್ನು ಬರೆಯಲು ನನ್ನನ್ನು ಕರೆದಳು. "ನಂಗೆ ಹೊರಗಡೆ ಕೆಲಸ ಐತೆ, ಅಮ್ಮನ ಕೈಲಿ ಬರೆಸು," ಎಂದು ಹೋದೆ.

ಯಾಕೆ ಹಾಗೆಂದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ನನಗೆ ಹೊಟ್ಟೆಕಿಚ್ಚು. ಇಪ್ಪತ್ತೈದು ವರ್ಷ ಈ ಊರಿನ ಗೋಡೆಗಳಿಗೆ ಬಣ್ಣ ಬಳಿದಿದ್ದೇನೆ, ಒಬ್ಬರೂ ನಿಂತು ನೋಡಿಲ್ಲ. ಇವಳು ಒಂದು ಗೋಡೆ ಬರೆಸಿದ್ದಕ್ಕೆ ಜನ ಸ್ಕೂಟರ್ ನಿಲ್ಲಿಸಿ ನೋಡುತ್ತಿದ್ದರು. ಪೇಪರಿನವನೊಬ್ಬ ಫೋಟೊ ತೆಗೆಯಲು ಬಂದಾಗ ನಾನು ಏಣಿ ಹೊತ್ತು ಮನೆಗೆ ಬರುತ್ತಿದ್ದೆ. "ಸ್ವಲ್ಪ ಆ ಕಡೆ ಹೋಗ್ರೀ, ಏಣಿ ಅಡ್ಡ ಬತ್ತಾ ಐತೆ," ಎಂದ. ತಂಗಿ, "ಅವ್ರು ನಮ್ಮಣ್ಣ, ನಂಗೆ ಕಲಿಸಿದ್ದೇ ಅವ್ರು," ಎಂದು ಕೂಗಿದಳು. ನಾನು ನಿಲ್ಲಲಿಲ್ಲ. ಆ ದಿನದಿಂದ ಗೋಡೆಯ ಮುಂದೆ ತಲೆ ತಗ್ಗಿಸಿ ಓಡಾಡಿದೆ. ಕಂಡದ್ದು ಗೋಡೆಯ ಬುಡದಲ್ಲಿ ಸಾಲಾಗಿಟ್ಟಿದ್ದ ಎನಾಮೆಲ್ ಡಬ್ಬಗಳು ಮಾತ್ರ. ಅಟ್ಟದ ಮೇಲೆ ನಾನು ಉಳಿಸಿಟ್ಟಿದ್ದ ಡಬ್ಬಗಳೇ ಅವು. ನನ್ನ ಪೇಂಟನ್ನೆಲ್ಲ ಇದಕ್ಕೇ ಸುರಿದಿದ್ದಾಳೆ ಎಂದುಕೊಂಡೆ.

ಹೆಂಗಸರು ಮೋರಿಯ ಅರ್ಜಿ ಹಿಡಿದು ಮೂರು ಸಲ ಕಾರ್ಪೊರೇಷನ್ ಆಫೀಸಿಗೆ ಅಲೆದರು. ಮೂರನೇ ಸಲ ತಂಗಿ ಮೊಬೈಲಿನಲ್ಲಿ ಗೋಡೆಯ ಫೋಟೊ ತೋರಿಸಿದಾಗ ಅಲ್ಲಿನ ಇಂಜಿನಿಯರ್ ಒಬ್ಬರು, "ಇದನ್ನ ಕಣ್ಣಾರೆ ನೋಡ್ಬೇಕಲ್ಲಮ್ಮ. ಸೋಮವಾರ ಹತ್ತೂವರೆಗೆ ಬರ್ತೀನಿ," ಎಂದರಂತೆ. ಗಲ್ಲಿಯಲ್ಲಿ ಹಬ್ಬದ ಹಾಗಾಯಿತು. ಒಬ್ಬೊಬ್ಬರೂ ತಮ್ಮ ಪಾಲಿನ ಮುಂದೆ ನಿಂತು ಏನು ಹೇಳಬೇಕು ಎಂದು ಬಾಯಿಪಾಠ ಮಾಡಿದರು. ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಆ ಸೋಮವಾರದ ಮೇಲೆ ಎಲ್ಲರ ಜೀವ ನಿಂತಿತ್ತು.

ಅದು ದಸರಾದ ಹಿಂದಿನ ತಿಂಗಳು. ಆಗ ಊರಿನ ಗೋಡೆ, ಕಟ್ಟೆ, ಕಂಬಕ್ಕೆಲ್ಲ ಹೊಸ ಬಣ್ಣ ಬೀಳುತ್ತದೆ. ನಮ್ಮಂಥವರಿಗೆ ಅದೇ ಸುಗ್ಗಿ. ಆ ಕೆಲಸ ಹಿಡಿದಿದ್ದ ಮೇಸ್ತ್ರಿ ಶನಿವಾರ ನನ್ನನ್ನು ಕರೆದ.

"ನಿಮ್ ಗಲ್ಲಿ ಮುಂದಿನ ಗೋಡೆ ಐತಲ್ಲ, ಅದ ನಾಳೆ ಬೆಳಿಗ್ಗೆ ಬಳಿದ್ಬುಡು. ಆ ರಸ್ತೇಲಿ ಹೊರಗಿನೋರ ಕಾರು ಓಡಾಡ್ತವೆ. ಮೋರಿ ನೀರಿನ ಚಿತ್ರ ಯಾಕೆ ಅವ್ರಿಗೆ?"

"ಅದು ನಮ್ ತಂಗಿ ಬರೆಸಿದ್ದು."

"ಅದಕ್ಕೇ ನಿಂಗೆ ಹೇಳ್ತಿರದು. ಬೇರೆಯೋರು ಬಳಿದ್ರೆ ಜಗಳ ಆಯ್ತದೆ. ಆಗಲ್ಲ ಅಂದ್ರೆ ಹೇಳ್ಬುಡು, ಮಿಕ್ಕಿದ್ದಕ್ಕೂ ನೀ ಬರೋದು ಬ್ಯಾಡ."

ಆಗಲ್ಲ ಎಂದು ನಾನು ಹೇಳಬಹುದಿತ್ತು. ಬೇರೆ ಕಡೆ ಕೆಲಸ ಸಿಗದೆ ಇರುತ್ತಿರಲಿಲ್ಲ. ನನ್ನ ತಲೆ ಬೇರೆ ಥರ ಓಡಿತು. ಸುಣ್ಣಕ್ಕೆ ಅಂಟು ಹಾಕಿ ಕಲಸಿದರೆ ಗೋಡೆ ಹಿಡಿಯುತ್ತದೆ. ಅಂಟು ಹಾಕದಿದ್ದರೆ ಒಣಗಿದ ಮೇಲೂ ಕೈಗೆ ಬರುತ್ತದೆ, ಒಂದು ಕೊಡ ನೀರಿಗೆ ಇಳಿದು ಹೋಗುತ್ತದೆ. ಅಂಟಿಲ್ಲದ ಸುಣ್ಣ ಬಳಿಯುತ್ತೇನೆ. ಭಾನುವಾರ ಮೇಸ್ತ್ರಿ ಬಂದು, ಕೆಲಸ ಆಯಿತೆಂದು ತೋರಿಸಲು ಫೋಟೊ ತೆಗೆದುಕೊಂಡು ಹೋಗಲಿ. ಸೋಮವಾರ ಬೆಳಿಗ್ಗೆ ನಾನೇ ತೊಳೆದುಬಿಡುತ್ತೇನೆ. ಕೆಳಗಿರುವುದು ಎನಾಮೆಲ್, ಅದಕ್ಕೇನೂ ಆಗುವುದಿಲ್ಲ. ಇಂಜಿನಿಯರ್ ಬರುವ ಹೊತ್ತಿಗೆ ಚಿತ್ರ ಚಿತ್ರದ ಹಾಗೇ ಇರುತ್ತದೆ. ನನ್ನ ಕಸುಬಿನ ಜಾಣತನ ಇದು ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಒಂದು ದಿನವಾದರೂ ಆ ಗೋಡೆ ಬೆಳ್ಳಗೆ ಇರಲಿ ಎಂಬ ಆಸೆಯೂ ಅದರಲ್ಲಿ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ಭಾನುವಾರ ಬೆಳಿಗ್ಗೆ ತಂಗಿ ಅಮ್ಮನನ್ನು ಕರೆದುಕೊಂಡು ಚರ್ಚಿಗೆ ಹೋದಳು. ಅಮ್ಮನಿಗೆ ಮಂಡಿನೋವು, ಆಟೋದಲ್ಲಿ ಹೋಗಿ ಬರಲು ಎರಡೂವರೆ ಗಂಟೆ. ನನಗೆ ಜ್ವರ ಬಂದಂತಿದೆ ಎಂದು ನಾನು ಪೂಜೆಗೆ ಹೋಗಲಿಲ್ಲ. ಮೇಸ್ತ್ರಿಯ ಲಗೇಜ್ ಆಟೋದಲ್ಲಿ ಬೇರೆ ಬಡಾವಣೆಯ ಇಬ್ಬರು ಬಂದರು, ನನ್ನ ವಯಸ್ಸಿನವರೇ. ಸುಣ್ಣ ಕಣ್ಣಿಗೆ ಹಾರುವುದಕ್ಕೆ ಮೂವರೂ ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದೆವು. ದಸರಾ ಕಾಲದಲ್ಲಿ ಸುಣ್ಣ ಬಳಿಯುವವರನ್ನು ಯಾರೂ ತಡೆದು ಕೇಳುವುದಿಲ್ಲ. ಮನೆಗಳ ಬಾಗಿಲು ಗಲ್ಲಿಯ ಒಳಕ್ಕೆ, ಗೋಡೆ ರಸ್ತೆಯ ಕಡೆಗೆ.

ಮೊದಲ ಪಟ್ಟೆ ಬಳಿದು ಬ್ರಷ್ಷು ಎತ್ತಿದೆ. ಬಿಳಿ ಸುಣ್ಣದೊಳಗಿಂದ ಕೆಂಪು ಒಸರಿತು. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬಿದ್ದಾಗ ನೀರು ತಿರುಗುತ್ತದಲ್ಲ, ಆ ಕೆಂಪು.

"ಏ, ಗೋಡೆ ರಕ್ತ ಕಾರ್ತಾ ಐತಲ್ಲೋ," ಎಂದ ಜೊತೆಯವನು.

"ಇನ್ನೊಂದು ಕೋಟ್ ಎಳಿ, ಮುಚ್ಕತದೆ," ಎಂದೆ.

ಎನಾಮೆಲ್ ಪೇಂಟು ಸುಣ್ಣಕ್ಕೆ ಕೆಂಪಾಗುವುದಿಲ್ಲ. ಅಪ್ಪನ ಕಾಲದಿಂದ ಈ ಕೆಲಸದಲ್ಲಿ ಇರುವವನಿಗೆ ಇದು ಗೊತ್ತಿಲ್ಲವೇ? ಗೊತ್ತಾಯಿತು. ಅಲ್ಲೊಂದು ಇಲ್ಲೊಂದು ಕಡೆ ಅರಿಶಿನ ಹಚ್ಚಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಬ್ರಷ್ಷು ಕೆಳಗಿಟ್ಟು, ಒಂದು ಬೆರಳಲ್ಲಿ ಕೆರೆದು ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಹನ್ನೊಂದು ಪಾಲನ್ನೂ ಎರಡು ಸಲ ಬಳಿದೆ.

ತಂಗಿ ಆಟೋ ಇಳಿದು ಗೋಡೆ ನೋಡಿದ್ದನ್ನು ನಾನು ಕಾಣಲಿಲ್ಲ. ಸ್ನಾನ ಮಾಡಿ ಹೊದ್ದು ಮಲಗಿದ್ದೆ. ಅವಳ ಕೂಗು ಒಳಗಿನವರೆಗೂ ಬಂತು. ಹೊರಗೆ ಬಂದಾಗ ಗಲ್ಲಿಯವರೆಲ್ಲ ಸೇರಿದ್ದರು. "ಮೂರು ಜನ ಮೂತಿಗೆ ಬಟ್ಟೆ ಕಟ್ಕಂಡಿದ್ರು ಬೇಟಾ, ನಾನು ರಸ್ತೆ ಕಟ್ಟೆಗೆ ಸುಣ್ಣ ಹೊಡಿಯಾಕೆ ಬಂದವ್ರೆ ಅಂತ ಸುಮ್ನಾದೆ," ಎಂದು ದಾದಿ ಎದೆ ಎದೆ ಬಡಿದುಕೊಳ್ಳುತ್ತಿದ್ದರು. ಹಿಂದಿನಿಂದ ಯಾರೋ, "ಸುಣ್ಣದೋರು ಅಂದ್ರೆ ಇವ್ರ ಮನೆಯೋರೇ ಅಲ್ವಾ?" ಎಂದರು. ತಂಗಿ ತಿರುಗಿ ಹುಲಿಯಂತೆ ನಿಂತಳು. "ನಮ್ಮಣ್ಣ ಅಂಥೋನಲ್ಲ. ಅವನ ಹೆಸರೆತ್ತಿದ್ರೆ ನೋಡಿ!"

ಹೇಳಿಬಿಡುವ ಹೊತ್ತು ಅದು. ನಾನು ಮಾಡಿದ್ದೇನು? ಗೋಡೆಯ ಹತ್ತಿರ ಹೋಗಿ, ಬೆರಳಲ್ಲಿ ಮುಟ್ಟಿ, ಈಗಷ್ಟೇ ಕಂಡುಕೊಂಡವನ ಹಾಗೆ ಹೇಳಿದೆ: "ಅಂಟು ಹಾಕಿಲ್ಲ ಇದಕ್ಕೆ. ತೊಳೆದ್ರೆ ಹೋಯ್ತದೆ. ನಾಳೆ ಬೆಳಿಗ್ಗೆ ನಾ ತೊಳ್ಕೊಡ್ತೀನಿ, ಅಳಬ್ಯಾಡ." ತಂಗಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಉಗುರಿನ ಸಂದಿಯಲ್ಲಿ ಸುಣ್ಣ ಉಳಿದಿರಬಹುದೆಂದು ನಾನು ಕೈ ಕಿತ್ತುಕೊಂಡೆ.

ಸೋಮವಾರ ಏಳು ಗಂಟೆಗೇ ಹನ್ನೊಂದು ಮನೆಯವರೂ ಕೊಡ, ಬಕೆಟ್ಟು ಹಿಡಿದು ಬಂದರು. ಮೊದಲ ಕೊಡ ನಾನೇ ಎರಚಿದೆ. ಸುಣ್ಣ ಇಳಿಯಿತು. ಅದರ ಜೊತೆಗೆ ಕೆಮ್ಮಣ್ಣು, ಇದ್ದಿಲು, ಅರಿಶಿನ ಎಲ್ಲ ಇಳಿಯಿತು. ನನ್ನ ಹಳೇ ಡಬ್ಬಗಳನ್ನು ಅವಳು ಬಣ್ಣ ಕಲಸಲು ಮಾತ್ರ ಇಟ್ಟುಕೊಂಡಿದ್ದಳು. ಎನಾಮೆಲ್ ಮಕ್ಕಳ ಕೈಗಂಟಿದರೆ ಸೀಮೆಎಣ್ಣೆ ಹಾಕಿ ತಿಕ್ಕಬೇಕಲ್ಲ ಎಂದು, ಎಲ್ಲರ ಅಡುಗೆಮನೆಯಲ್ಲೂ ಅಂಗಳದಲ್ಲೂ ಸಿಗುವುದನ್ನೇ ತಂದು ಗಂಜಿಯಲ್ಲಿ ಕಲಸಿ ಕೊಟ್ಟಿದ್ದಳಂತೆ. ಸಣ್ಣಪುಟ್ಟ ಮಳೆಗೆ ಜಗ್ಗದಿದ್ದ ಆ ಗಂಜಿಯ ಬಣ್ಣವನ್ನೆಲ್ಲ ಸುಣ್ಣ ತಿಂದಿತ್ತು. "ನಿಲ್ಸಿ, ನಿಲ್ಸಿ!" ಎಂದು ಅವಳು ಕೂಗುವ ಹೊತ್ತಿಗೆ ಆರು ಪಾಲು ಹೋಗಿತ್ತು. ಉಳಿದ ಐದನ್ನು ಒದ್ದೆಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ನೋಡಿದೆವು. ಬಟ್ಟೆಯಲ್ಲಿ ಬಂತು, ಗೋಡೆಯಲ್ಲಿ ನಿಲ್ಲಲಿಲ್ಲ.

ಇಂಜಿನಿಯರ್ ಹೇಳಿದ ಹೊತ್ತಿಗೇ ಬಂದರು. ಗೋಡೆಯ ಮೇಲೆ ಕೆಂಪು ಬಿಳಿ ಕೆಸರಿನ ಸೋರಿಕೆ ಇತ್ತು. "ಏನೂ ಕಾಣ್ತಿಲ್ವಲ್ಲಮ್ಮ," ಎಂದರು, ಬೇಜಾರಿನಿಂದಲೇ. ಆ ಹೊತ್ತು ಬಿಸಿಲಿತ್ತು, ಮೋರಿಯೂ ತಗ್ಗಿನಲ್ಲಿ ಹರಿಯುತ್ತಿತ್ತು. ಬಾಯಿಪಾಠ ಮಾಡಿದ್ದ ಮಾತು ಯಾರಿಗೂ ಬಾಯಿಗೆ ಬರಲಿಲ್ಲ. ಮೊಬೈಲಿನ ಫೋಟೊ ಸಾಲದು, ಬರೆದು ಕೊಡಿ, ನೋಡೋಣ ಎಂದು ಅವರು ಹೊರಟರು. ಚಿತ್ರ ನೋಡಿದ್ದರೆ ಮೋರಿಗೆ ಕಲ್ಲುಹಾಸು ಬೀಳುತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದೇ ಇರುವುದೇ ನನ್ನನ್ನು ತಿನ್ನುತ್ತದೆ.

ಹದಿನೈದು ದಿನ ಕಳೆದು ಜೋರು ಮಳೆ ಬಂತು. ನೀರಿನಲ್ಲಿ ಅಂಚು ಕಾಣದೆ ದಾದಿ ಮೋರಿಗೆ ಜಾರಿದರು. ಮೆಕ್ಯಾನಿಕ್ ಮತ್ತು ನಾನು ಎತ್ತಿದೆವು. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಅವರು ನನ್ನ ಕೈ ಹಿಡಿದು, "ನೀನು ನನ್ನ ಮಗ ಕಣೋ," ಎಂದರು. ಅಂದಿನಿಂದ ಅವರು ಹಾಸಿಗೆ ಬಿಟ್ಟೆದ್ದಿಲ್ಲ. ಮಿಷನ್ನಿನ ಮೇಲೆ ಈಗ ಔಷಧಿ ಬಾಟಲಿಗಳಿವೆ.

ಆ ಕ್ರಿಸ್‌ಮಸ್ಸಿಗೆ ಮುಂಚೆ ಚರ್ಚಿನಲ್ಲಿ ಪಾಪನಿವೇದನೆಗೆ ಹೋಗಿ ಎಲ್ಲ ಹೇಳಿದೆ. ಜಾಲರಿಯ ಆಚೆಯಿಂದ ಗುರುಗಳು ಕೇಳಿದರು, "ದೇವರಿಗೆ ಹೇಳಿದ್ದಾಯಿತು. ತಂಗಿಗೆ?" ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಆಮೇಲೆ ಅವರು ಇರುವ ಪೂಜೆಯನ್ನು ತಪ್ಪಿಸಿ, ಬೇರೆ ಹೊತ್ತಿನ ಪೂಜೆಗೆ ಹೋಗತೊಡಗಿದೆ.

ತಂಗಿ ಸಂಜೆ ಮಕ್ಕಳನ್ನು ಕೂಡಿಸುವುದನ್ನು ನಿಲ್ಲಿಸಿದಳು. ವಿಜಯನಗರದ ಕಡೆಯ ಒಂದು ಶಾಲೆಯವರು ಗೋಡೆ ಬರೆಸಿಕೊಡಿ ಎಂದು ಕೇಳಿಬಂದಾಗ, "ನನ್ನ ಕೈ ಒಳ್ಳೇದಲ್ಲ, ಬೇರೆಯೋರನ್ನ ನೋಡ್ಕೊಳ್ಳಿ," ಎಂದು ಬಾಗಿಲಿನಿಂದಲೇ ಕಳಿಸಿದಳು. ಹೋದ ವಾರ ಗಲ್ಲಿಯ ಒಬ್ಬಳು ಪುಟ್ಟ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದ ಕೋಳಿಯನ್ನು ತೋರಿಸಲು ಬಂದಳು. ತಂಗಿ ಅದನ್ನು ನೋಡದೆಯೇ, "ಚಿತ್ರ ಗಿತ್ರ ಬ್ಯಾಡ ಪುಟ್ಟಿ, ಲೆಕ್ಕ ಮಾಡೋಗು. ಬರೆದು ಏನ್ ಬಂತು ನಂಗೆ? ದಾದಿ ಮಲಗ್ಬುಟ್ರು," ಎಂದಳು. ಹುಡುಗಿ ಪುಸ್ತಕ ಮುಚ್ಚಿಕೊಂಡು ಹೋದಳು.

ಅಲ್ಲೇ ಹೇಳಿಬಿಟ್ಟೆ. ಅವಳು ಆರಿ ಚೌಕಟ್ಟಿನ ಮುಂದೆ ಕೂತಿದ್ದಳು, ನಾನು ನಿಂತೇ ಇದ್ದೆ. ಮೇಸ್ತ್ರಿ ಹೇಳಿದ್ದು, ಅಂಟು ಹಾಕದೆ ಕಲಸಿದ್ದು, ಗೋಡೆ ಕೆಂಪಾದಾಗಲೂ ನಿಲ್ಲಿಸದೆ ಇದ್ದದ್ದು, ಹೊಟ್ಟೆಕಿಚ್ಚು ಕೂಡ. ಅರಿಶಿನದ ತಪ್ಪಲ್ಲ, ನಿನ್ನ ತಪ್ಪಲ್ಲ ಎಂದು ತಿಳಿದರೆ ಅವಳ ಭಾರ ಸ್ವಲ್ಪವಾದರೂ ಇಳಿಯುತ್ತದೆ ಎಂದುಕೊಂಡಿದ್ದೆ.

"ಇಷ್ಟು ದಿನ ನನ್ನ ಬುದ್ಧಿ ಮೇಲೆ ನಂಬಿಕೆ ಹೋಗಿತ್ತು," ಎಂದಳು ಕೊನೆಗೆ. "ಈಗ ಮನುಷ್ಯರ ಮೇಲೂ ಹೋಯ್ತು. ಇನ್ನು ಯಾರನ್ನ ನಂಬ್ಕೊಂಡು ಬರೀಲಿ, ಹೇಳಣ್ಣ."

ನಾನು ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. "ನನ್ ಕಾಲಲ್ಲ. ಗೋಡೆ ನಂದಾಗಿರ್ಲಿಲ್ಲ. ಹನ್ನೊಂದು ಮನೇದು. ಅವ್ರಿಗೆ ಹೋಗಿ ಹೇಳು." ಆಮೇಲೆ ಅವಳು ನನ್ನೊಡನೆ ಮಾತಾಡಿಲ್ಲ. ತಟ್ಟೆಗೆ ಬಡಿಸುತ್ತಾಳೆ, ಒಳಗೆ ಹೋಗುತ್ತಾಳೆ.

ಮೊದಲು ದಾದಿಯ ಮನೆಗೆ ಹೋದೆ. ಅವರು ಗೋಡೆಗೆ ಒರಗಿದ ದಿಂಬಿನ ಮೇಲೆ ಮಲಗಿದ್ದವರು ಪೂರಾ ಕೇಳಿಸಿಕೊಂಡರು. ಬೈಯುತ್ತಾರೆ ಎಂದು ಕಾದೆ. "ನಾನು ಆ ಗೋಡೇಲಿ ಮಿಷನ್ ಎಂಗೆ ಬರ್ದಿದ್ದೆ, ಹೇಳು ನೋಡುವಾ. ಚಕ್ರ ಯಾವ ಕಡೀಕೆ ಇತ್ತು?" ಎಂದರು. ನನಗೆ ತಿಳಿಯದು. "ಪೆಡಲ್ಲು? ಅದರ ಮೇಲೆ ಒಂದು ಲಂಗ ಹಾಕಿದ್ದೆ, ಯಾವ ಬಣ್ಣ?" ತಿಳಿಯದು. "ಅಳಿಸೋಕೆ ಮುಂಚೆ ಒಂದ್ಸಲಾನಾದ್ರೂ ನೋಡ್ಬಾರ್ದಾಗಿತ್ತಾ ಬೇಟಾ," ಎಂದು ಅವರು ಮಗ್ಗುಲು ಬದಲಿಸಲು ನೋಡಿದರು. ಆಗಲಿಲ್ಲ. ನಾನು ಹಿಡಿಯಲು ಹೋದೆ. "ಬ್ಯಾಡ," ಎಂದರು.

ಅಲ್ಲಿಂದ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಕೈಯ ಗ್ರೀಸು ಒರೆಸುತ್ತ ಕೇಳುತ್ತಿದ್ದವರು ಅರ್ಧದಲ್ಲೇ ತಡೆದರು. "ನಿಲ್ಸು. ಮನೆಮನೆಗೆ ಬಂದು ಕಿವೀಲಿ ಹೇಳಿ ಹೋಗೋ ಅಂಥದ್ದಾ ಇದು? ಶುಕ್ರವಾರ ಗ್ಯಾರೇಜ್ ರಜಾ. ನಮಾಜ್ ಮುಗಿಸ್ಕಂಡು ಮೂರು ಗಂಟೆಗೆ ಎಲ್ರನ್ನೂ ಆ ಗೋಡೆ ಹತ್ರ ಕೂಡುಸ್ತೀನಿ. ಎಲ್ರ ಮುಂದೆ ಹೇಳು. ಆಮೇಲೆ ಏನಾಯ್ತದೋ ನೋಡುವಾ." ಏನಾಗಬಹುದು ಎಂದು ನಾನು ಕೇಳಲಿಲ್ಲ. ಹೊಡೆಯಬಹುದು, ಗಲ್ಲಿ ಬಿಟ್ಟು ಹೋಗಿ ಎನ್ನಬಹುದು. ಅಮ್ಮನನ್ನು, ತಂಗಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ನಾಳೆ ಶುಕ್ರವಾರ. ಜನರ ಮುಂದೆ ನಿಂತರೆ ನನಗೆ ನಾಲಿಗೆ ಏಳುವುದಿಲ್ಲ, ಏನನ್ನಾದರೂ ಬಿಟ್ಟು ನನಗೆ ಬೇಕಾದಷ್ಟನ್ನೇ ಹೇಳಿಬಿಡುತ್ತೇನೆ. ಅದಕ್ಕೆ ಇಷ್ಟನ್ನೂ ಬರೆದಿಟ್ಟುಕೊಂಡಿದ್ದೇನೆ. ಬರೆಯುವಾಗಲೂ ಎರಡು ಕಡೆ ಹೊಟ್ಟೆಕಿಚ್ಚಿನ ಮಾತು ಹೊಡೆದುಹಾಕಿ, ಮತ್ತೆ ಬರೆದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ತಂಗಿಯನ್ನು ಕೇಳಿದೆ, "ನಾಳೆ ಅಲ್ಲಿಗೆ ನೀನು ಬರ್ತೀಯಾ?"

ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಕೋಣೆಯ ನಡುವೆ ಕಟ್ಟಿದ ಪರದೆಯ ಆಚೆಯಿಂದ ಅಮ್ಮ ಮಾತಾಡಿದರು. ಹೋದ ವಾರ ನಾನು ಹೇಳಿದ್ದನ್ನೆಲ್ಲ ಅವರೂ ಅಲ್ಲೇ ಮಲಗಿ ಕೇಳಿಸಿಕೊಂಡಿದ್ದರೆಂದು ನನಗೆ ಗೊತ್ತಾದದ್ದು ಆಗಲೇ.

"ಅವಳು ಬರ್ಲಿ ಬಿಡ್ಲಿ, ನಾನು ಬತ್ತೀನಿ. ಅಷ್ಟೊತ್ತು ನಿಂತ್ಕಳಕಾಗಲ್ಲ ನಂಗೆ. ಒಂದು ಕುರ್ಚಿ ತಗೊಂಡ್ಹೋಗು."

ನಾಳೆ ಮೂರು ಗಂಟೆಗೆ ಮುಂಚೆಯೇ, ಎಲ್ಲರಿಗಿಂತ ಮೊದಲು, ಅಮ್ಮನ ಕುರ್ಚಿಯನ್ನು ಹೊತ್ತುಕೊಂಡು ಹೋಗಿ ಆ ಗೋಡೆಯ ಮುಂದೆ ಇಡಬೇಕು.